ಎರಡು ತೂತು, ಮೂರು ಕೂಡಿ ಒಂದು

ಪುಣೆಯ ಸದಾಶಿವ ಪೇಟೆಯಲ್ಲಿ ನನ್ನ ಮೌಶಿ ಐವತ್ತು ವರ್ಷ ಸಂಸಾರ ಮಾಡಿದ ವಾಡೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಲಿದ್ದಾರೆ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಮನೆ ಖಾಲಿ ಮಾಡುವಾಗ ರದ್ದಿಯವನಿಗೆಂದು ಕಟ್ಟಿಟ್ಟ ಗಂಟಿನಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಸಿಕ್ಕಿತು. ಮೊದಲ ಪುಟದಲ್ಲಿ ಅವಳ ದುಂಡನೆಯ ಕನ್ನಡ ಅಕ್ಷರದಲ್ಲಿ ಹೀಗೆ ಬರೆದಿತ್ತು:

ಸು 1, ದಾ, ಸು 2, ಮೂರು ಕೂಡಿ ಒಂದು, ಸು 2, ದಾ.
ಮರು ಸುತ್ತು ಎಲ್ಲಾ ಸು.

ಅದರ ಕೆಳಗೆ ಒಂದರ ಕೆಳಗೊಂದು ಐದು ಸಂಖ್ಯೆಗಳು: 40, 48, 56, 64, 72. ಪ್ರತಿಯೊಂದರ ಮುಂದೆ ಮನೆಯವರ ಹೆಸರಿನ ಮೊದಲಕ್ಷರಗಳು. 40ರ ಮುಂದೆ ಇದ್ದ ನಾಲ್ಕು ಅಕ್ಷರಗಳಲ್ಲಿ ಒಂದು ನನ್ನದು.

ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿದವಳಿಗೆ ಇದನ್ನು ಓದಲು ಬರಲಿಲ್ಲ. ಕೊನೆಗೆ ತುಳಶಿಬಾಗಿನಲ್ಲಿ ಉಣ್ಣೆ ದಾರ ಮಾರುವ ಒಬ್ಬ ಹಿರಿಯ ಹೆಂಗಸು ಪುಟ ನೋಡಿದ ತಕ್ಷಣ ನಕ್ಕು, ಬೆರಳು ಇಟ್ಟು ಓದಿದರು. 'ಸು' ಎಂದರೆ ಮರಾಠಿಯ 'ಸುಲಟ', ಅಂದರೆ ನೇರ ಹೊಲಿಗೆ. ಅದರ ಎದುರಿನದು 'ಉಲಟ'. 'ದಾ' ನಮ್ಮ ಕನ್ನಡದ ದಾರವೇ. ದಾರವನ್ನು ಸೂಜಿಯ ಮೇಲೆ ಸುಮ್ಮನೆ ಒಮ್ಮೆ ಸುತ್ತಿಕೊಳ್ಳುವುದು. ಹಾಗೆ ಸುತ್ತಿದ ಕಡೆ ಒಂದು ತೂತು ಬೀಳುತ್ತದೆ, ಜೊತೆಗೆ ಸೂಜಿಯ ಮೇಲೆ ಒಂದು ಕುಣಿಕೆ ಹೆಚ್ಚುತ್ತದೆ. 'ಮೂರು ಕೂಡಿ ಒಂದು' ಎಂಬಲ್ಲಿ ಮೂರು ಕುಣಿಕೆಗಳು ಒಂದಾಗಿ ಎರಡು ಕಡಿಮೆಯಾಗುತ್ತವೆ. ಎರಡು ತೂತು ಹೆಚ್ಚಿಸಿದ್ದನ್ನು ಈ ಒಂದು ಜೋಡಣೆ ಸರಿದೂಗಿಸುತ್ತದೆ. ಎಂಟು ಕುಣಿಕೆ ಒಳಗೆ ಹೋಗಿ ಎಂಟೇ ಹೊರಗೆ ಬರುತ್ತವೆ.

ಜಾಳಿಯ ಕಾಲುಚೀಲದ ಗುಟ್ಟು ಇಷ್ಟೇ. ಕೆಳಗಿನ ಐದು ಸಂಖ್ಯೆಗಳೂ ಎಂಟರ ಮಗ್ಗಿ. ಎಂಟೈದಲೆ ನಲವತ್ತು ಚಿಕ್ಕ ಮಕ್ಕಳಿಗೆ, ಎಂಟೆಂಟಲೆ ಅರವತ್ತನಾಲ್ಕು ಹೆಂಗಸರಿಗೆ, ಎಂಟೊಂಬತ್ತಲೆ ಎಪ್ಪತ್ತೆರಡು ಗಂಡಸರಿಗೆ. ಒಂದೇ ಮಾದರಿಯಲ್ಲಿ ಇಡೀ ಕುಟುಂಬದ ಕಾಲು ಹಿಡಿಸಿದ್ದಳು. ಚಿಕ್ಕವಳಿದ್ದಾಗ ನಾನು ಅವಳ ಪಕ್ಕ ಕೂತು ನೋಡುತ್ತಿದ್ದೆ. "ತೂತು ಯಾರಾದ್ರೂ ಮಾಡ್ತಾರ. ಮಾಡಿದ ಮ್ಯಾಲೆ ಲೆಕ್ಕ ಸರಿ ಇರ್ಬೇಕು ನೋಡು" ಎನ್ನುತ್ತಿದ್ದಳು. ಆಗ ಅದನ್ನು ಬುದ್ಧಿಮಾತು ಅಂದುಕೊಂಡಿದ್ದೆ. ಅವಳು ಹೇಳಿದ್ದು ಕಾಲುಚೀಲದ ವಿಷಯವನ್ನೇ.

ಈ ಬರಹ ಆ ಪುಟ ಪುಣೆಗೆ ಹೇಗೆ ಬಂತು ಎಂಬುದನ್ನು ಹುಡುಕಿದ್ದರ ಫಲ.

*

ಮೊದಲು ಪದದಿಂದ ಶುರು ಮಾಡುತ್ತೇನೆ, ನನಗೆ ಗೊತ್ತಿರುವ ಕಸುಬು ಅದು. ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುವಾಗ 'ತೀ ಮೋಜೇ ವಿಣತ ಹೋತೀ' ಎಂಬಂಥ ವಾಕ್ಯ ಬಂದರೆ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಮರಾಠಿಯ 'ವಿಣಣೇ' ಎಂಬ ಒಂದೇ ಕ್ರಿಯಾಪದ ಮಗ್ಗದ ಮೇಲೆ ಸೀರೆ ನೇಯುವುದಕ್ಕೂ ಆಗುತ್ತದೆ, ಸೂಜಿಯಲ್ಲಿ ಸ್ವೆಟರ್ ಹಾಕುವುದಕ್ಕೂ ಆಗುತ್ತದೆ. ಹಿಂದಿಯ 'ಬುನನಾ' ಕೂಡ ಹಾಗೆಯೇ. ಕನ್ನಡದಲ್ಲಿ ಆರಿಸಬೇಕು: ನೇಯುತ್ತಿದ್ದಳೋ, ಹೆಣೆಯುತ್ತಿದ್ದಳೋ?

ಎರಡೂ ನಮ್ಮ ಹಳೆಯ ದ್ರಾವಿಡ ಪದಗಳು. 'ನೇಯ್' ಎಂಬುದಕ್ಕೆ ತಮಿಳಿನಲ್ಲಿ 'ನೆಯ್' ಇದೆ. 'ಹೆಣೆ' ಹಳಗನ್ನಡದಲ್ಲಿ 'ಪೆಣೆ' ಆಗಿತ್ತು, ತಮಿಳಿನಲ್ಲಿ 'ಪಿಣೈ'. ಕೂಡಿಸು, ಒಂದಕ್ಕೊಂದು ಸಿಕ್ಕಿಸು ಎಂಬ ಅರ್ಥ. ನೇಯ್ಗೆಗೆ ಹಾಸು ಮತ್ತು ಹೊಕ್ಕು ಎಂಬ ಎರಡು ಬೇರೆ ಬೇರೆ ದಾರಗಳು ಬೇಕು, ಮಗ್ಗ ಬೇಕು. ಬುಟ್ಟಿ, ಜಡೆ, ಬಲೆಗಳನ್ನು ನಾವು ಹೆಣೆಯುತ್ತೇವೆ, ಅವಕ್ಕೆ ಕೈಯೇ ಸಾಕು. ಸೂಜಿಯ ಮೇಲೆ ಒಂದೇ ದಾರವನ್ನು ಕುಣಿಕೆಯೊಳಗೆ ಕುಣಿಕೆಯಾಗಿ ಎಳೆಯುವ ಹೊಸ ವಿದ್ಯೆ ಬಂದಾಗ ಕನ್ನಡ ಅದನ್ನು ಮಗ್ಗದ ಕಡೆ ಸೇರಿಸದೆ ಬುಟ್ಟಿ ಮತ್ತು ಬಲೆಯ ಕಡೆ ಸೇರಿಸಿತು. ಯಾರು ಯೋಚಿಸಿ ಮಾಡಿದ್ದೂ ಅಲ್ಲ. ಆದರೆ ಎರಡೂ ಕೆಲಸಗಳ ರಚನೆ ನೋಡಿದರೆ ವಿಂಗಡಣೆ ಸರಿಯಾಗಿಯೇ ಇದೆ.

ಹೆಣಿಗೆಗೆ ಹಳೆಯ ಕ್ರಿಯಾಪದ ಸಿಕ್ಕಿತು, ಆದರೆ ಹೆಣೆದ ವಸ್ತುವಿಗೆ ಹಳೆಯ ಹೆಸರಿಲ್ಲ. 'ಕಾಲುಚೀಲ' ಎಂದರೆ ಕಾಲಿಗೆ ಹಾಕುವ ಚೀಲ. ಎದುರಿಗೆ ಬಂದ ವಸ್ತುವನ್ನು ನೋಡಿ ವರ್ಣಿಸಿ ಇಟ್ಟ ಹೆಸರು ಅದು. ಮರಾಠಿಯ 'ಮೋಜೇ' ಪಾರಸಿಯಿಂದ ಬಂತು, ಅಲ್ಲಿ 'ಮೂಜಾ' ಎಂದರೆ ಉದ್ದನೆಯ ಬೂಟು. ಮರಾಠಿಯವರು ಅದಕ್ಕೆ ಕಾಲು ಸೇರಿಸಿ 'ಪಾಯಮೋಜೇ' ಎಂದರು, ಕೈ ಸೇರಿಸಿ 'ಹಾತಮೋಜೇ' ಎಂದರು. ದಖ್ಖನಿನ ಎರಡೂ ಭಾಷೆಗಳಿಗೆ ಕಾಲುಚೀಲ ಹೊರಗಿನಿಂದ ಬಂದ ವಸ್ತು ಎಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ಹಾಗೆಂದು ನಮ್ಮಲ್ಲಿ ಉಣ್ಣೆ ಇರಲಿಲ್ಲವೆಂದಲ್ಲ. ಚಳ್ಳಕೆರೆಯಿಂದ ಪುಣೆ ಜಿಲ್ಲೆಯ ಜೇಜುರಿಯವರೆಗೆ ಕುರುಬರು, ಧನಗರರು ದಖ್ಖನಿ ಕುರಿಯ ಕಪ್ಪು ಉಣ್ಣೆ ಕತ್ತರಿಸಿ, ನೂತು, ಗುಂಡಿಮಗ್ಗದಲ್ಲಿ ಕಂಬಳಿ ನೇಯುತ್ತ ಬಂದಿದ್ದಾರೆ. ಮರಾಠಿಯಲ್ಲಿ ಅದು ಘೋಂಗಡಿ. ಆ ಉಣ್ಣೆ ಒರಟು. ಮಳೆ ತಡೆಯುವ ಕಂಬಳಿಗೆ ಅದೇ ಚೆನ್ನ, ಮಗುವಿನ ಪಾದಕ್ಕೆ ಚುಚ್ಚುತ್ತದೆ. ಬರಿಗಾಲಲ್ಲೋ ಚಪ್ಪಲಿಯಲ್ಲೋ ನಡೆಯುವ ನಾಡಿನಲ್ಲಿ ಕಾಲುಚೀಲದ ಅಗತ್ಯವೂ ಇರಲಿಲ್ಲ.

*

ಕಾಲುಚೀಲದ ಹಳೆಯ ಚರಿತ್ರೆ ಹುಡುಕುತ್ತ ಹೋದವಳು ಕನ್ನಡಿಗರಿಗೆ ಪರಿಚಿತವಾದ ಒಂದು ಊರಿಗೇ ಬಂದು ನಿಂತೆ. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಕೆಂಪು ಉಣ್ಣೆಯ ಒಂದು ಜೊತೆ ಕಾಲುಚೀಲಗಳಿವೆ. ಕ್ರಿ.ಶ. 3ರಿಂದ 5ನೇ ಶತಮಾನದ ನಡುವಿನವು. ಅವು ಸಿಕ್ಕಿದ್ದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ. ಅದೇ ಊರಿನ ಹಳೆಯ ತಿಪ್ಪೆಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಅಗೆದು ತೆಗೆದ ಪಪೈರಸ್ ಹಾಳೆಗಳಲ್ಲಿ 413ನೆಯದು ಒಂದು ಗ್ರೀಕ್ ಪ್ರಹಸನ. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಖಾರಿಟಿಯೋನ್ ಎಂಬ ಹುಡುಗಿಯನ್ನು ಅವಳ ಕಡೆಯವರು ಬಿಡಿಸಿಕೊಂಡು ಹೋಗುವ ಕಥೆ. ಅದರಲ್ಲಿ ಭಾರತೀಯ ಪಾತ್ರಗಳ ಬಾಯಲ್ಲಿ ಬರುವ ಅರ್ಥವಾಗದ ಮಾತು ಕನ್ನಡವಿರಬಹುದು ಎಂದು 1904ರಲ್ಲಿ ಹುಲ್ಟ್ಶ್ ಸೂಚಿಸಿದರು. ಮುಂದೆ ಆರ್. ಶಾಮಶಾಸ್ತ್ರಿ, ಮಂಜೇಶ್ವರದ ಗೋವಿಂದ ಪೈ ಮೊದಲಾದವರು ಅದನ್ನು ಬಿಡಿಸಲು ಹೊರಟರು. ವಾದ ಇನ್ನೂ ಮುಗಿದಿಲ್ಲ.

ಆ ಊರಿನ ಕಾಲುಚೀಲದಲ್ಲಿ ಹೆಬ್ಬೆರಳಿಗೆ ಬೇರೆ ಮನೆಯಿದೆ. ಬೆರಳಿನ ನಡುವೆ ಪಟ್ಟಿ ಬರುವ ಚಪ್ಪಲಿಯ ಜೊತೆ ಹಾಕಿಕೊಳ್ಳಲು ಹಾಗೆ ಮಾಡಿದ್ದು. ಪುಣೆಯಲ್ಲಿ ಯಾವ ಸಿಗ್ನಲ್‌ನಲ್ಲಿ ನಿಂತರೂ ಇದನ್ನು ನೋಡಬಹುದು. ಸ್ಕೂಟರ್ ಮೇಲೆ ಮುಖಕ್ಕೆ ಓಡಣಿ ಸುತ್ತಿ, ಮೊಣಕೈವರೆಗೆ ಹಾತಮೋಜೇ ಹಾಕಿ, ಚಪ್ಪಲಿಯೊಳಗೆ ಹೆಬ್ಬೆರಳು ಬೇರೆಯಿರುವ ಕಾಲುಚೀಲ ತೊಟ್ಟ ಹುಡುಗಿಯರು. ಹದಿನೈದು ಶತಮಾನಗಳ ಅಂತರದಲ್ಲಿ ಎರಡು ಬಿಸಿಲೂರುಗಳು ಚಪ್ಪಲಿ ಬಿಡದೆ ಕಾಲುಚೀಲ ತೊಡುವ ಒಂದೇ ಉಪಾಯ ಕಂಡುಕೊಂಡಿವೆ.

ಆ ಕೆಂಪು ಕಾಲುಚೀಲ ಇಂದಿನ ಅರ್ಥದ ಹೆಣಿಗೆಯಲ್ಲ. ಒಂದೇ ಸೂಜಿಯಿಂದ, ತುಂಡು ತುಂಡು ದಾರವನ್ನು ಪೂರ್ತಿಯಾಗಿ ಕುಣಿಕೆಯೊಳಗೆ ತೂರಿಸಿ ಮಾಡಿದ್ದು. ಎರಡು ಅಥವಾ ಹೆಚ್ಚು ಕಡ್ಡಿಗಳ ಮೇಲೆ ಉಂಡೆಯಿಂದ ದಾರ ಎಳೆಯುತ್ತ ಮಾಡುವ ನಿಜವಾದ ಹೆಣಿಗೆಯ ಹಳೆಯ ಮಾದರಿಗಳೂ ಈಜಿಪ್ಟಿನವೇ. ಮುಸ್ಲಿಂ ಆಳ್ವಿಕೆಯ ಕಾಲದವು, ನೀಲಿ ಬಿಳಿ ಹತ್ತಿಯ ಕಾಲುಚೀಲಗಳು. ಅಲ್ಲಿಂದ ಯುರೋಪಿಗೆ ಹೋದ ಈ ವಿದ್ಯೆಗೆ ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳಲ್ಲಿ ಜಾಳಿ ಸೇರಿತು. 19ನೇ ಶತಮಾನದ ಮಧ್ಯದಲ್ಲಿ ಅಲ್ಲಿಯ ನವಿರು ಶಾಲು, ಕಾಲುಚೀಲಗಳು ದೊಡ್ಡ ಮನೆಗಳ ಹುಚ್ಚಾದವು. ಅದೇ ಕಾಲಕ್ಕೆ ಹೆಣಿಗೆಯ ಮಾದರಿಗಳನ್ನು ಅಚ್ಚು ಹಾಕಿದ ಪುಸ್ತಕಗಳು ಬಂದವು. ಅಲ್ಲಿಯವರೆಗೆ ನೋಡಿ ಕಲಿಯುತ್ತಿದ್ದದ್ದನ್ನು ಇನ್ನು ಓದಿ ಕಲಿಯಬಹುದಾಯಿತು. ಮೌಶಿಯ 'ಸು', 'ದಾ' ಸಂಕೇತಗಳ ಮೂಲಪುರುಷರು ಆ ಪುಸ್ತಕಗಳು.

*

ಇಂಡಿಯಾಕ್ಕೆ ಈ ಸೂಜಿಗಳನ್ನು ತಂದವರಲ್ಲಿ ಮುಖ್ಯರಾದವರು ಮಿಶನರಿಗಳ ಹೆಂಡಂದಿರು. ಇಲ್ಲಿ ನನ್ನ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಬೇರೆಲ್ಲೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ದ್ರಾವಿಡ ಭಾಷೆಗಳನ್ನು ಓದಿದವರೆಲ್ಲ ರಾಬರ್ಟ್ ಕಾಲ್ಡ್‌ವೆಲ್ ಅವರ ಹೆಸರಿನಿಂದಲೇ ಶುರು ಮಾಡುತ್ತಾರೆ. ಅವರ ತೌಲನಿಕ ವ್ಯಾಕರಣ ಪ್ರಕಟವಾದದ್ದು 1856ರಲ್ಲಿ. ಅವರ ಹೆಂಡತಿ ಎಲಿಜಾ ಬಗ್ಗೆ ತರಗತಿಯಲ್ಲಿ ಯಾರೂ ಹೇಳುವುದಿಲ್ಲ. ಎಲಿಜಾಳ ತಾಯಿ ಮಾರ್ಥಾ ಮಾಲ್ಟ್ 1820ರ ದಶಕದ ಆರಂಭದಲ್ಲಿ ನಾಗರಕೋವಿಲಿನಲ್ಲಿ ಹೆಣ್ಣುಮಕ್ಕಳಿಗೆ ಲೇಸ್ ಕಲಿಸಿದವಳು. ಮಗಳು ಅದನ್ನು ತಿರುನೆಲ್ವೇಲಿ ಕಡೆಯ ಇಡೈಯಂಗುಡಿಗೆ ಒಯ್ದಳು. ಗಂಡ ತಮಿಳು, ಕನ್ನಡ, ತೆಲುಗು ಧಾತುಗಳನ್ನು ಜೋಡಿಸುತ್ತಿದ್ದ ಮನೆಯಲ್ಲೇ ಹೆಂಡತಿ ಹುಡುಗಿಯರಿಗೆ ದಾರ ಜೋಡಿಸುವುದನ್ನು ಕಲಿಸುತ್ತಿದ್ದಳು.

ಹಿಮಾಚಲದ ಲಾಹೌಲಿನಲ್ಲೂ ಇದೇ ಚಿತ್ರ. ಕೇಲಾಂಗ್‌ನಲ್ಲಿ ಮೊರಾವಿಯನ್ ಮಿಶನ್ 1856ರಲ್ಲಿ ಬೀಡುಬಿಟ್ಟಿತು. ಟಿಬೆಟನ್ ಭಾಷೆಯ ಪ್ರಸಿದ್ಧ ನಿಘಂಟು ಕಟ್ಟಿದ ಯೆಶ್ಕೆ ಅಲ್ಲಿ ಹತ್ತು ವರ್ಷ ಇದ್ದರು. ಅದೇ ಮಿಶನ್ನಿನ ಮಾರಿಯಾ ಹೈಡೆ ಊರ ಹೆಂಗಸರಿಗೆ ಕಾಲುಚೀಲ ಹೆಣೆಯುವುದನ್ನು ಕಲಿಸಿದಳು. ಚಳಿಯೂರಿನಲ್ಲಿ ಅದು ಬೇರುಬಿಟ್ಟಿತು. ಇಂದು ಲಾಹೌಲಿ ಕಾಲುಚೀಲ ಮತ್ತು ಕೈಗವಸುಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ, ಅವು ಆ ಕಣಿವೆಯ ಗುರುತೇ ಆಗಿವೆ.

ನಮ್ಮ ಕಡೆ ಬಾಸೆಲ್ ಮಿಶನ್. ಮಂಗಳೂರಿಗೆ 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ ಬಂತು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರಬಂದದ್ದು ನಮಗೆಲ್ಲ ಗೊತ್ತು. ಮಿಶನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದಿನ ಜೊತೆ ಸೂಜಿಕೆಲಸ ಕಲಿಸುತ್ತಿದ್ದದ್ದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಹೊಲಿಗೆ, ಕಸೂತಿ, ಹೆಣಿಗೆ ಮೂರೂ 'ಸೂಜಿಕೆಲಸ' ಎಂಬ ಒಂದು ಪದದ ಕೆಳಗೆ ಬರುತ್ತಿದ್ದವು.

ಅಂದರೆ ನಮ್ಮ ಭಾಷೆಗಳ ವ್ಯಾಕರಣ, ನಿಘಂಟುಗಳು ಬಂದ ಬಂಡಿಯಲ್ಲೇ ಹೆಣಿಗೆಯ ಕಡ್ಡಿಗಳೂ ಬಂದವು. ಪದ ಗಂಡಸರ ಪಾಲಿಗೆ, ದಾರ ಹೆಂಗಸರ ಪಾಲಿಗೆ. ಗಂಡಸರ ಕೆಲಸ ಪುಸ್ತಕವಾಗಿ ಉಳಿಯಿತು, ಹೆಸರಿನ ಸಮೇತ. ಹೆಂಗಸರ ಕೆಲಸ ಬೇರೆ ಹೆಂಗಸರ ಕೈಯಲ್ಲಿ ಉಳಿಯಿತು, ಹೆಸರಿಲ್ಲದೆ.

*

ಪುಣೆಯಲ್ಲಿ ಸೂಜಿಯ ಕಥೆ ಮನೆಯಿಂದ ಹೊರಗೆ ಬಂದು ರಾಜಕೀಯವಾಯಿತು.

1848ರಲ್ಲಿ ಭಿಡೆ ವಾಡೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ಅದಕ್ಕೆ ಪ್ರೇರಣೆಯಾದದ್ದು ಅಹ್ಮದ್‌ನಗರದಲ್ಲಿ ಅಮೆರಿಕನ್ ಮಿಶನ್ನಿನ ಸಿಂಥಿಯಾ ಫರಾರ್ ನಡೆಸುತ್ತಿದ್ದ ಹುಡುಗಿಯರ ಶಾಲೆ. 1884ರಲ್ಲಿ ಮಹಾದೇವ ಗೋವಿಂದ ರಾನಡೆ, ವಾಮನ ಆಬಾಜಿ ಮೋಡಕ, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಮುಂತಾದವರು ಸೇರಿ ಹುಡುಗಿಯರ ಹೈಸ್ಕೂಲು ಕಟ್ಟಿದರು. ಪೇಶ್ವೆಯ ಖಾಸಾ ಕುದುರೆಗಳ ಲಾಯವಿದ್ದ ಜಾಗವಾದ್ದರಿಂದ ಇಂದಿಗೂ ಅದಕ್ಕೆ ಹುಜೂರಪಾಗಾ ಎಂದೇ ಹೆಸರು. ಇಲ್ಲೂ ಒಬ್ಬ ಭಾಷಾಶಾಸ್ತ್ರಜ್ಞ ಸಿಕ್ಕಿದರು ನೋಡಿ. ಸಂಸ್ಕೃತ ಮತ್ತು ಅದರಿಂದ ಹುಟ್ಟಿದ ಭಾಷೆಗಳ ಮೇಲೆ 1877ರಲ್ಲಿ ಉಪನ್ಯಾಸ ಕೊಟ್ಟ ಭಂಡಾರ್ಕರ್ ಇವರೇ.

ಮೂರೇ ವರ್ಷಕ್ಕೆ, 1887ರಲ್ಲಿ, ಲೋಕಮಾನ್ಯ ತಿಲಕರ ಇಂಗ್ಲಿಷ್ ವಾರಪತ್ರಿಕೆ 'ಮರಾಠಾ' ಈ ಶಾಲೆಯ ಪಠ್ಯಕ್ರಮದ ಮೇಲೆ ಹರಿಹಾಯ್ದಿತು. ಹುಡುಗಿಯರು ಹುಡುಗರಂತೆ ಹನ್ನೊಂದರಿಂದ ಐದರವರೆಗೆ ಶಾಲೆಯಲ್ಲಿ ಕೂರುವುದು, ಇಂಗ್ಲಿಷ್ ಓದುವುದು ಅದಕ್ಕೆ ಒಪ್ಪಿಗೆಯಿರಲಿಲ್ಲ. ದಿನಕ್ಕೆ ಮೂರು ಗಂಟೆ ಸಾಕು, ದೇಶಭಾಷೆ, ನೀತಿಪಾಠ, ಸೂಜಿಕೆಲಸ ಸಾಕು ಎಂಬುದು ವಾದದ ಸಾರ.

ಇಲ್ಲಿ ಸೂಜಿಯ ಜಾಗ ಗಮನಿಸಬೇಕು. ಮಿಶನರಿ ಮತ್ತು ರಾಷ್ಟ್ರೀಯವಾದಿ ಇಬ್ಬರೂ ಹೆಣ್ಣಿನ ವಿಷಯದಲ್ಲಿ ಉಳಿದೆಲ್ಲದಕ್ಕೂ ಜಗಳವಾಡಿದರು, ಸೂಜಿಯ ವಿಷಯಕ್ಕೆ ಜಗಳ ಬರಲಿಲ್ಲ. ಇಂಗ್ಲಿಷ್ ಕಲಿತರೆ ಹೆಣ್ಣು ಕೆಡುತ್ತಾಳೆ ಎಂದವರೂ ಹೆಣಿಗೆ ಕಲಿತರೆ ಕೆಡುತ್ತಾಳೆ ಎನ್ನಲಿಲ್ಲ. ಕೂತಲ್ಲೇ ಕೂತು, ತಲೆ ತಗ್ಗಿಸಿ, ಮನೆಯವರಿಗಾಗಿ ಮಾಡುವ ಕೆಲಸ. ಶಾಲೆಯ ಬಾಗಿಲು ತೆರೆಯಲು ಸೂಜಿ ನೆಪವಾಯಿತು, ಶಾಲೆಯೊಳಗೆ ಏನೇನು ಬೇಡ ಎಂದು ಹೇಳಲು ಸಹ ಅದೇ ಸೂಜಿ ನೆಪವಾಯಿತು.

ರಾನಡೆಯವರ ಹೆಂಡತಿ ರಮಾಬಾಯಿ ಮನೆಯಲ್ಲಿ ಇಂಗ್ಲಿಷ್ ಕಲಿಯಲು ಪಟ್ಟ ಪಾಡನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಪಾಠ ಹೇಳಲು ಬರುತ್ತಿದ್ದ ಮಿಸ್ ಹರ್ಫರ್ಡ್ ಪಕ್ಕ ಕೂತದ್ದಕ್ಕೆ ಮನೆಯ ಹಿರಿಯ ಹೆಂಗಸರು ಅವರಿಗೆ ಸ್ನಾನ ಮಾಡಿಸುತ್ತಿದ್ದರು. ಮುಂದೆ 1909ರಲ್ಲಿ ಅದೇ ರಮಾಬಾಯಿ, ಜಿ. ಕೆ. ದೇವಧರ್ ಜೊತೆ ಸೇರಿ ಪುಣೆಯ ಸೇವಾ ಸದನ ಕಟ್ಟಿದರು. ಅಲ್ಲಿ ಹೆಂಗಸರಿಗೆ ಓದು, ಶುಶ್ರೂಷೆ, ಹೊಲಿಗೆ ಎಲ್ಲ ಇತ್ತು. ಹೊಲಿಗೆ ಅಲ್ಲಿ ನಾಲ್ಕು ಕಾಸು ದುಡಿಯುವ ದಾರಿಯೂ ಆಗಿತ್ತು.

ಪದ ಮತ್ತು ದಾರ ಎರಡನ್ನೂ ಹೆಂಗಸರ ಕೈಗೇ ಕೊಟ್ಟವರು ಇನ್ನೊಬ್ಬ ರಮಾಬಾಯಿ. ಪಂಡಿತಾ ರಮಾಬಾಯಿಯ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಬಂದಾಗ ಸಂಸಾರವನ್ನು ಘಟ್ಟದ ಕಾಡಿಗೆ, ಗಂಗಾಮೂಲಕ್ಕೆ ಒಯ್ದರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲಿ. ಅವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಮುಂದೆ ಬರಗಾಲದಲ್ಲಿ ಅನಾಥರಾದ ನೂರಾರು ಹುಡುಗಿಯರಿಗಾಗಿ ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಎದ್ದಿತು. ಅಲ್ಲಿ ಹುಡುಗಿಯರು ನೇಯ್ದರು, ಹೊಲಿದರು, ಅಚ್ಚಿನ ಮೊಳೆ ಜೋಡಿಸಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಬೈಬಲ್ಲನ್ನು ಸರಳ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಮಾಡಿದರು. ಅದನ್ನು ಅಚ್ಚು ಹಾಕಿದವರು ಅಲ್ಲಿಯ ಹೆಂಗಸರೇ. ಕಾಲ್ಡ್‌ವೆಲ್ ಮನೆಯಲ್ಲಿ ಗಂಡ ಹೆಂಡಿರ ನಡುವೆ ಹಂಚಿಹೋಗಿದ್ದ ಎರಡು ಕೆಲಸಗಳು ಕೇಡಗಾಂವ್‌ನಲ್ಲಿ ಒಂದೇ ಸೂರಿನಡಿ ಹೆಂಗಸರ ಕೈಯಲ್ಲಿದ್ದವು.

*

ಶಾಲೆಯಲ್ಲಿ ಕಲಿತ ಹೆಣಿಗೆ ಮನೆಯಲ್ಲಿ ನೆಲೆಯೂರಿದ್ದು ಹೇಗೆ? ಹಳೆಯ ಪದ್ಧತಿಯೊಂದು ಅದಕ್ಕೆ ಜಾಗ ಮಾಡಿಕೊಟ್ಟಿತು ಎಂದು ನನಗೆ ಅನಿಸುತ್ತದೆ. ಮರಾಠಿ ಮನೆಗಳಲ್ಲಿ 'ಬಾಳಂತವಿಡಾ' ಎಂಬ ರೂಢಿಯಿದೆ. ಮಗು ಹುಟ್ಟಿದಾಗ ತವರಿನವರು, ನೆಂಟರು ಕೈಯಾರೆ ಹೊಲಿದು ಕೊಡುವ ಬಟ್ಟೆಗಳ ಗಂಟು ಅದು. ಅದರಲ್ಲಿ ತಲೆಯಿಂದ ಬೆನ್ನಿನವರೆಗೆ ಇಳಿಯುವ ಕುಂಚಿ ಇರಲೇಬೇಕು. ನಮ್ಮ ಧಾರವಾಡ ಕಡೆ ಅದೇ ಕುಂಚಿಗೆ. ಈ ಗಂಟಿನೊಳಗೆ ಹೆಣೆದ ಟೋಪಿ, ಸ್ವೆಟರ್, ಕಾಲುಚೀಲ ಸುಲಭವಾಗಿ ಸೇರಿಕೊಂಡವು. ಎಳೆಮಗುವಿನ ಕಾಲಿಗೆ ಎಂಥ ಮಡಿವಂತ ಅಜ್ಜಿಯೂ ಆಕ್ಷೇಪ ಎತ್ತಲಿಲ್ಲ. ಮಗುವಿನಿಂದ ಅಣ್ಣನಿಗೆ, ಅಪ್ಪನಿಗೆ, ಮಾವನಿಗೆ ಅದು ಹರಡಿತು.

ಪುಣೆಯ ಚಳಿಗೆ ಜಾಳಿಯೇ ಸರಿ. ಡಿಸೆಂಬರ್, ಜನವರಿಯ ಬೆಳಗು ಹತ್ತು ಡಿಗ್ರಿ ಹತ್ತಿರ ಇಳಿದು, ಮಧ್ಯಾಹ್ನದ ಹೊತ್ತಿಗೆ ಬಿಸಿಲು ಚುರುಗುಟ್ಟುವ ಊರಿದು. ದಪ್ಪ ಉಣ್ಣೆಯ ಕಾಲುಚೀಲ ಹತ್ತು ಗಂಟೆಗೆ ಕಿತ್ತೆಸೆಯಬೇಕಾಗುತ್ತದೆ. ತೂತಿರುವುದು ಗಾಳಿ ಬಿಡುತ್ತದೆ, ಹಿಗ್ಗುತ್ತದೆ, ಬೆಳೆಯುವ ಮಗುವಿನ ಕಾಲಿಗೆ ಎರಡು ವರ್ಷ ಬರುತ್ತದೆ.

ಮೌಶಿ ಧಾರವಾಡದಿಂದ ಮದುವೆಯಾಗಿ ಬಂದವಳು. ಬರುವಾಗ ಅವಳಿಗೆ ಹೆಣಿಗೆ ಗೊತ್ತಿರಲಿಲ್ಲ, ಕಸೂತಿ ಗೊತ್ತಿತ್ತು. ಗಾವಂತಿ, ಮುರ್ಗಿ, ನೇಗಿ, ಮೆಂತ್ಯ, ಈ ನಾಲ್ಕೂ ಹೊಲಿಗೆಗಳಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಗೋಪುರ, ತೇರು, ನವಿಲು ತೆಗೆಯಬೇಕು. ಎಣಿಸುವ ಕಣ್ಣು ಅವಳಿಗೆ ತವರಿನ ಕೊಡುಗೆ. ಹೆಣಿಗೆ ಕಲಿಸಿದ್ದು ವಾಡೆಯ ಎದುರು ಮನೆಯ ಮರಾಠಿ ಅಜ್ಜಿ. ಹಾಗಾಗಿ ಅವಳ ನೋಟ್‌ಬುಕ್ಕಿನಲ್ಲಿ ಸಂಕೇತ ಮರಾಠಿ, ಅಕ್ಷರ ಕನ್ನಡ, ಹಿಂದಿನ ವಿದ್ಯೆ ಧಾರವಾಡದ್ದು.

ದಾರ ಮತ್ತು ಸೂಜಿಗೂ ತಮ್ಮದೇ ದಾರಿಯಿದೆ. ಮೊದಮೊದಲು ಬಣ್ಣದ ಮೆತ್ತನೆಯ ಉಣ್ಣೆ ವಿದೇಶದಿಂದಲೇ ಬರುತ್ತಿತ್ತು. 1905ರಲ್ಲಿ ವಿದೇಶಿ ಬಟ್ಟೆಯ ಹೋಳಿ ಮಾಡಿದ ಊರು ಪುಣೆ, ಹೆಣೆಯುವವಳಿಗೆ ಅದೊಂದು ಪೇಚು. ಸೂಜಿ ಯಾವ ಪಕ್ಷಕ್ಕೂ ಸೇರಿದ್ದಲ್ಲ. 1914ರಲ್ಲಿ ಯುದ್ಧ ಶುರುವಾದಾಗ ಲಂಡನ್ನಿನಲ್ಲಿದ್ದ ಗಾಂಧೀಜಿಗೆ ಸರೋಜಿನಿ ನಾಯ್ಡು ಲೈಸಿಯಂ ಕ್ಲಬ್ಬಿನಿಂದ ಕತ್ತರಿಸಿಟ್ಟ ಬಟ್ಟೆಯ ರಾಶಿಯನ್ನೇ ತಂದು, ಸೈನಿಕರಿಗಾಗಿ ಹೊಲಿಸಿ ಕೊಡಿ ಎಂದದ್ದನ್ನು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ನೀಡಲ್ ಇಂಡಸ್ಟ್ರೀಸ್ ಎಂಬ ಕಂಪನಿ ಸ್ಥಾಪನೆಯಾಯಿತು. ಅದರ ಕಾರ್ಖಾನೆ ನೀಲಗಿರಿಯ ಕೇತಿಯಲ್ಲಿ. ಕಂಪನಿ ಕಾನೂನು ಓದುವವರಿಗೆ ಈ ಹೆಸರು 1981ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಗೊತ್ತು, ಹೆಣೆಯುವವರಿಗೆ 'ಪೋನಿ' ಎಂಬ ಗುರುತಿನಿಂದ. ಮೌಶಿಯ ಡಬ್ಬಿಯಲ್ಲಿದ್ದ, ಎರಡೂ ತುದಿ ಚೂಪಾದ ಐದು ಕಡ್ಡಿಗಳೂ ಪೋನಿಯವೇ. ನಾಲ್ಕು ಕಡ್ಡಿಯ ಮೇಲೆ ಕುಣಿಕೆಗಳು, ಐದನೆಯದರಲ್ಲಿ ಹೆಣಿಗೆ, ಸುತ್ತು ಹೊಡೆಯುತ್ತ ಕೊಳವೆಯಂತೆ ಇಳಿಯುತ್ತದೆ. ಹೊಲಿಗೆಯ ಜೋಡು ಎಲ್ಲೂ ಕಾಲಿಗೆ ಒತ್ತುವುದಿಲ್ಲ. ಹಿಮ್ಮಡಿ ಬಂದಾಗ ಮಾತ್ರ ಅರ್ಧ ಕುಣಿಕೆಗಳ ಮೇಲೆ ಹಿಂದೆ ಮುಂದೆ ಹೆಣೆದು, ಪ್ರತಿ ಸಾಲಿನಲ್ಲಿ ಸ್ವಲ್ಪ ಮೊದಲೇ ತಿರುಗುತ್ತ ಒಂದು ಬಟ್ಟಲು ಮಾಡಬೇಕು. ಕಾಲುಚೀಲದ ಕಷ್ಟವೆಲ್ಲ ಆ ಬಟ್ಟಲಿನಲ್ಲಿದೆ.

*

ನೋಟ್‌ಬುಕ್ಕನ್ನು ಮನೆಗೆ ತಂದ ಒಂದು ವಾರದ ಮೇಲೆ ಅದನ್ನು ತಲೆಕೆಳಗಾಗಿ ತೆರೆದೆ. ಹಿಂದಿನ ರಟ್ಟಿನ ಕಡೆಯಿಂದ ಇನ್ನೊಂದು ಬರಹ ಶುರುವಾಗಿತ್ತು. ತಾರೀಖು, ಒಂದು ಅಕ್ಷರ, '1 ಜೋಡಿ', 'ದಾರ 6', '15'. ಮುಂದಿನ ಸಾಲು, ಬೇರೆ ಅಕ್ಷರ, '2 ಜೋಡಿ ಸಣ್ಣ', 'ದಾರ 7', '20'. ಹೀಗೆ ಹನ್ನೊಂದು ಪುಟ. ಆ ಅಕ್ಷರಗಳು ಯಾವುವೂ ನಮ್ಮ ಮನೆಯವರದ್ದಲ್ಲ.

ಅವಳ ಮಗನಿಗೆ ಫೋನ್ ಮಾಡಿ ಕೇಳಿದೆ. "ಛೇ, ಮಾರೂದು ಎಲ್ಲಿಂದ. ಆಯಿ ಟೈಮ್‌ಪಾಸ್‌ಗಂತ ಮಾಡ್ತಿದ್ಲು" ಅಂದ. ಸುಳ್ಳು ಹೇಳುವವನಲ್ಲ. ಅವನಿಗೆ ಗೊತ್ತೇ ಇರಲಿಲ್ಲ.

ಮಾರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ ಆಂಧ್ರದ ನರಸಾಪುರದಲ್ಲಿ ಕ್ರೋಶಾ ಲೇಸ್ ಮಾಡುವ ಹೆಂಗಸರ ಬಗ್ಗೆ ಬರೆದ ಪುಸ್ತಕ 1982ರಲ್ಲಿ ಬಂತು. ಅಲ್ಲೂ ಲೇಸ್ ತಂದದ್ದು ಮಿಶನರಿಗಳು. ಆ ಹೆಂಗಸರು ಮಾಡಿದ್ದು ಹಡಗು ಹತ್ತಿ ವಿದೇಶಕ್ಕೆ ಹೋಗುತ್ತಿತ್ತು, ವ್ಯಾಪಾರಿಗಳು ಮನೆ ಕಟ್ಟಿಸಿದರು. ಅಷ್ಟಾದರೂ ಊರಿನವರ ಲೆಕ್ಕದಲ್ಲಿ ಆ ಹೆಂಗಸರು ಕೆಲಸಗಾರರಲ್ಲ, ಬಿಡುವಿನಲ್ಲಿ ಲೇಸ್ ಮಾಡುವ ಗೃಹಿಣಿಯರು. ಹಾಗೆ ಕರೆದಿದ್ದರಿಂದಲೇ ಅವರಿಗೆ ಅಷ್ಟು ಕಡಿಮೆ ಕೂಲಿ ಕೊಡುವುದು ಸಾಧ್ಯವಾಯಿತು ಎಂಬುದು ಮೀಸ್ ಅವರ ವಾದ.

ಓದುವಾಗ ಅದು ದೂರದ ಊರಿನ ಕಥೆಯಾಗಿತ್ತು. ಈಗ ನಾನೇ ಲೆಕ್ಕ ಹಾಕಿದೆ. 64 ಕುಣಿಕೆಯ ಕಾಲುಚೀಲಕ್ಕೆ ಹಿಮ್ಮಡಿ ಬಿಟ್ಟೇ ಸುಮಾರು 170 ಸುತ್ತು ಬೇಕು. ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಕುಣಿಕೆ, ಜೋಡಿಗೆ ಇಪ್ಪತ್ತು ಸಾವಿರ ದಾಟುತ್ತದೆ. ದಾರದ ದುಡ್ಡು ಕಳೆದು ಅವಳಿಗೆ ಉಳಿದದ್ದು ಒಂಬತ್ತು ರೂಪಾಯಿ. ಇದು ಹೆಚ್ಚೋ ಕಡಿಮೆಯೋ ಎಂಬುದು ಬೇರೆ ಮಾತು. ಅವಳು ಅದನ್ನು ಕೆಲಸ ಎಂದು ತಿಳಿದಿದ್ದಳು, ಕೆಲಸ ಅಲ್ಲದಿದ್ದರೆ ದಾರದ ಖರ್ಚು ಯಾಕೆ ಬರೆದಿಡುತ್ತಿದ್ದಳು? ಹನ್ನೊಂದು ಪುಟಗಳಲ್ಲಿ ಎಲ್ಲೂ ಕೂಡಿಸುವಲ್ಲಿ ತಪ್ಪಿಲ್ಲ. ಹುಜೂರಪಾಗಾದ ಹುಡುಗಿಯರಿಗೆ ಸೂಜಿ ಸಾಕು ಎಂದವರು ಸೂಜಿಯ ಜೊತೆ ಲೆಕ್ಕವೂ ಬರುತ್ತದೆ ಎಂಬುದನ್ನು ಎಣಿಸಿರಲಿಲ್ಲ.

ಆ ದುಡ್ಡು ಏನಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಲ್ಲ. ಎರಡು ಕಡೆ ಮಾತ್ರ ಸಾಲಿನ ಕೊನೆಗೆ 'ಫೀ' ಎಂದಿದೆ. ಅವಳ ಮಗ ಆಗ ಹೈಸ್ಕೂಲಿನಲ್ಲಿದ್ದ. ಅದನ್ನೂ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ನೋಟ್‌ಬುಕ್ ನಿನ್ನ ಹತ್ರನ ಇರ್ಲಿ, ಆದ್ರ ಒಂದ್ ಫೋಟೋ ಕಳಿಸು" ಅಂದ.

ಫೋಟೋ ಕಳಿಸಿದರೆ ಓದುವವರಾರು? ಅದಕ್ಕೇ ಒಂದು ಹಾಳೆಯಲ್ಲಿ ಸಂಕೇತಗಳ ಅರ್ಥ ಬರೆದು ಜೊತೆಗಿಟ್ಟೆ. ನಾನು ಈವರೆಗೆ ಮಾಡಿದ ಅನುವಾದಗಳಲ್ಲಿ ಅದು ತೀರಾ ಚಿಕ್ಕದು. 'ಸು' ಎಂದರೆ ನೇರ. 'ದಾ' ಎಂದರೆ ದಾರ ಸುತ್ತು, ತೂತು ಬೀಳುತ್ತದೆ, ಹೆದರಬೇಡ. 'ಮೂರು ಕೂಡಿ ಒಂದು' ಎಂಬಲ್ಲಿ ಎರಡು ತೂತಿನ ಲೆಕ್ಕ ಮುಗಿಯುತ್ತದೆ. ಸುತ್ತು ಮುಗಿದಾಗಲೆಲ್ಲ ಎಣಿಸು.

ಅವನ ಮಗಳಿಗೆ ಹದಿನಾಲ್ಕು ವರ್ಷ. ತುಳಶಿಬಾಗಿನಿಂದ ದಾರ ತಂದುಕೊಂಡಿದ್ದಾಳಂತೆ. 56ರಿಂದ ಶುರು ಮಾಡು ಎಂದಿದ್ದೇನೆ.